ಕೊನೆಯ ಉತ್ತರದ ತಾರೀಖು ನೋಡಿ: ಜೀವಂತ ಫೋರಮ್ ಹುಡುಕುವುದು ಹೇಗೆ

ಅಪ್ಪನ ವಾಲ್ವ್ ರೇಡಿಯೋ ವರ್ಷಗಟ್ಟಲೆ ಅಟ್ಟದ ಮೇಲೆ ಕೂತಿತ್ತು. ಶಿರಸಿಯ ಮನೆಗೆ ಸುಣ್ಣ ಬಳಿಸುವಾಗ ಇಳಿಸಿದೆ. ಒರೆಸಿ ಪ್ಲಗ್ ಹಾಕಿದರೆ ಬರೀ ಗುಂಯ್ ಅನ್ನುವ ಸದ್ದು. ಫೋಟೋ ತೆಗೆದು ಒಂದು ದೊಡ್ಡ ಸೋಷಿಯಲ್ ಮೀಡಿಯಾ ಗುಂಪಿಗೆ ಹಾಕಿದೆ. ಲೈಕ್ ಬೇಕಾದಷ್ಟು ಬಂತು, 'ಸೂಪರ್', 'ಹಳೇ ನೆನಪು' ಬಂತು. ಸದ್ದು ಯಾಕೆ ಅಂತ ಯಾರೂ ಹೇಳಲಿಲ್ಲ. ವಾರ ಕಳೆದ ಮೇಲೆ ನನ್ನ ಪೋಸ್ಟ್ ನನಗೇ ಸಿಗಲಿಲ್ಲ.

ಆಮೇಲೆ ಹಳೇ ರೇಡಿಯೋ ರಿಪೇರಿ ಮಾಡುವವರ ಒಂದು ಬ್ರಿಟಿಷ್ ಫೋರಮ್‌ನಲ್ಲಿ ಕೇಳಿದೆ. ಫೋರಮ್ ಅಂದರೆ ಒಂದೇ ಆಸಕ್ತಿಯವರು ಪ್ರಶ್ನೆ, ಉತ್ತರ ಬರೆದು ಮಾತಾಡಿಕೊಳ್ಳುವ ವೆಬ್‌ಸೈಟ್. ಮೊದಲ ಉತ್ತರ ಅದೇ ಸಂಜೆ ಬಂತು: ಮೊದಲು ಪ್ಲಗ್ ತೆಗೆಯಿರಿ. ಎರಡನೆಯವರು ಹಿಂದಿನ ಮುಚ್ಚಳ ಬಿಚ್ಚಿ ಫೋಟೋ ಹಾಕಲು ಹೇಳಿದರು. ಫೋಟೋ ನೋಡಿ, ಪವರ್ ಸಪ್ಲೈಯ ಕೆಪಾಸಿಟರ್ (ವಿದ್ಯುತ್ತಿನ ಏರಿಳಿತ ತಗ್ಗಿಸುವ ಬಿಡಿಭಾಗ) ಒಣಗಿದೆ, ಗುಂಯ್ ಅನ್ನುವುದು ಅದೇ ಅಂದರು. ಹಿಂದೆ ಬೇರೆ ಯಾರೋ ಇದೇ ಪ್ರಶ್ನೆ ಕೇಳಿದ್ದ ಥ್ರೆಡ್ಡಿನ, ಅಂದರೆ ಪ್ರಶ್ನೆ ಮತ್ತು ಅದರ ಉತ್ತರಗಳ ಸರಣಿಯ, ಲಿಂಕನ್ನೂ ಕೊಟ್ಟರು. ಎಷ್ಟೋ ವರ್ಷದ ಹಿಂದಿನ ಮಾತು ಅಲ್ಲಿ ಹಾಗೇ ಇತ್ತು. ನನಗೆ ಹಿಡಿಸಿದ್ದು ಅದು.

ಈಗ ದಿನಾ ಸಂಜೆ ನಾನು ಹೋಗಿ ಕೂರುವ ಜಾಗ ಇಂಥ ಫೋರಮ್‌ಗಳೇ. ರೇಡಿಯೋ ಬಿಡಿ, ಅಡುಗೆ, ಮಳೆ, ಮಂಡಿನೋವು ಎಲ್ಲದರ ಮಾತೂ ನಡೆಯುತ್ತದೆ.

ನಿಮಗೂ ಅಂಥ ಜಾಗ ಬೇಕಾದರೆ, 'ಒಳ್ಳೆಯ ಫೋರಮ್‌ಗಳು' ಅಂತ ಸುಮ್ನೆ ಹುಡುಕಬೇಡಿ. ಸಿಗುವುದು ಉದ್ದುದ್ದ ಪಟ್ಟಿಗಳು. ಅವುಗಳಲ್ಲಿ ಎಷ್ಟೋ ಮುಚ್ಚಿಹೋಗಿರುತ್ತವೆ. ನಿಮ್ಮ ಒಂದು ಹುಚ್ಚು ಹಿಡಿದು ಹೋಗಿ: ಪೆನ್ನು, ಸೈಕಲ್, ಗಿಡ, ಕ್ಯಾಮೆರಾ, ಏನಾದರೂ ಸರಿ. ಅದರ ಹೆಸರಿನ ಜೊತೆ 'ಫೋರಮ್' ಅಂತ ಇಂಗ್ಲಿಷಿನಲ್ಲಿ ಸೇರಿಸಿ. ಇನ್ನೂ ಚೆನ್ನಾಗಿ ಸಿಗಬೇಕಾದರೆ 'ಪವರ್ಡ್ ಬೈ ಡಿಸ್ಕೋರ್ಸ್' ಅಥವಾ 'ಪವರ್ಡ್ ಬೈ ಪಿಎಚ್‌ಪಿಬಿಬಿ' ಅಂತ ಉದ್ಧರಣ ಚಿಹ್ನೆಯೊಳಗೆ, ಇಂಗ್ಲಿಷಿನಲ್ಲೇ ಸೇರಿಸಿ. ಇವು ಫೋರಮ್ ನಡೆಸುವ ಸಾಫ್ಟ್‌ವೇರ್‌ಗಳ ಹೆಸರು. ಎಷ್ಟೋ ಫೋರಮ್‌ಗಳ ಪುಟದ ತುದಿಯಲ್ಲಿ ಆ ಸಾಲು ಇರುತ್ತದೆ.

ಒಳಗೆ ಹೋದ ಮೇಲೆ 'ಆಫ್ ಟಾಪಿಕ್' ಅಥವಾ 'ಜನರಲ್ ಚಾಟ್' ಅನ್ನುವ ವಿಭಾಗ ಹುಡುಕಿ. ಮನೆಯ ಹಿಂದಿನ ಜಗುಲಿ ಇದ್ದ ಹಾಗೆ, ನಿಜವಾದ ಹರಟೆ ಇರುವುದು ಅಲ್ಲೇ. ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ 2004ರಲ್ಲಿ ಶುರುವಾದ ಟೀಮ್-ಬಿಎಚ್‌ಪಿ ನೋಡಿ. ಅದು ಕಾರಿನವರ ಫೋರಮ್. ಆದರೆ ಅದರ 'ಶಿಫ್ಟಿಂಗ್ ಗಿಯರ್ಸ್' ವಿಭಾಗದಲ್ಲಿ ಕಾರು ಬಿಟ್ಟು ಬೇರೆಲ್ಲ ಮಾತು ನಡೆಯುತ್ತದೆ. ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬರೆಯಬೇಕಾದರೆ ಅರ್ಜಿ ಹಾಕಬೇಕು, ಅವರು ಅದನ್ನು ಓದಿ ಸೇರಿಸಿಕೊಳ್ಳುತ್ತಾರೆ. ಅರ್ಜಿಯಲ್ಲಿ ನಿಮ್ಮ ಬಗ್ಗೆ ನಿಜವಾಗಿ ನಾಲ್ಕು ಸಾಲು ಬರೆಯಿರಿ.

ಜೀವ ಇದೆಯಾ ಇಲ್ಲವಾ ಅಂತ ನೋಡುವುದು ಹೇಗೆ? ಸದಸ್ಯರು ಎಷ್ಟು ಸಾವಿರ ಅನ್ನುವ ಲೆಕ್ಕ ನಂಬಬೇಡಿ. ಹತ್ತು ವರ್ಷದ ಹಿಂದೆ ಸೇರಿ ಮರೆತವರೂ ಅದರಲ್ಲಿ ಇರುತ್ತಾರೆ. ಕೊನೆಯ ಉತ್ತರದ ತಾರೀಖು ನೋಡಿ. ಹರಟೆ ವಿಭಾಗದಲ್ಲಿ ಇವತ್ತು, ನಿನ್ನೆ ಯಾರಾದರೂ ಬರೆದಿದ್ದರೆ ಸರಿ. ಡಿಸ್ಕೋರ್ಸ್ ಫೋರಮ್ ಆದರೆ 'ಅಬೌಟ್' ಪುಟದಲ್ಲಿ ಇತ್ತೀಚೆಗೆ ಎಷ್ಟು ಜನ ಬಂದುಹೋದರು, ಎಷ್ಟು ಬರೆದರು ಅನ್ನುವ ಲೆಕ್ಕವೂ ಸಿಗುತ್ತದೆ. ಆಮೇಲೆ, ಹೊಸಬರು ಪರಿಚಯ ಹೇಳಿಕೊಳ್ಳುವ ವಿಭಾಗಕ್ಕೆ ಹೋಗಿ. ಹೊಸಬರನ್ನು ಯಾರಾದರೂ ಮಾತಾಡಿಸಿದ್ದಾರಾ? ನಾನು ಇದಕ್ಕೇ ಜಾಸ್ತಿ ಬೆಲೆ ಕೊಡುತ್ತೇನೆ. ಸಾಲದ ಜಾಹೀರಾತು, ಜೂಜಿನ ಲಿಂಕುಗಳು ದಿನಗಟ್ಟಲೆ ಹಾಗೇ ಬಿದ್ದಿದ್ದರೆ ಅಲ್ಲಿ ಕಾಯುವವರಿಲ್ಲ ಅಂತ ಅರ್ಥ. ವಾಪಸ್ ಬನ್ನಿ.

ಎಲ್ಲ ವಿಷಯಕ್ಕೂ ಒಂದೇ ಜಾಗ ಬೇಕಾದರೆ ಮೆಟಾಫಿಲ್ಟರ್ ಇದೆ. 1999ರಿಂದ ನಡೆಯುತ್ತಿದೆ. ಸೇರಲು ಒಂದು ಸಲ 5 ಡಾಲರ್ ಕಟ್ಟಬೇಕು ಅನ್ನುವ ನಿಯಮ ಇಟ್ಟುಕೊಂಡು ಬಂದವರು ಅವರು. ಗಲಾಟೆಗೆ ಅಂತಲೇ ಬರುವವರನ್ನು ಆ ಸಣ್ಣ ಮೊತ್ತ ಬಾಗಿಲಲ್ಲೇ ನಿಲ್ಲಿಸುತ್ತದೆ. ಅಲ್ಲಿಯ ಪ್ರಶ್ನೋತ್ತರ ವಿಭಾಗದಲ್ಲಿ ಬಾಡಿಗೆ ಮನೆಯಿಂದ ಹಿಡಿದು ದುಃಖದವರೆಗೆ ಜನ ನಿಧಾನವಾಗಿ ಉತ್ತರ ಬರೆಯುತ್ತಾರೆ. 2018ರಲ್ಲಿ ಶುರುವಾದ ಟಿಲ್ಡ್ಸ್ ಚಿಕ್ಕದು, ಜಾಹೀರಾತಿಲ್ಲ, ದೇಣಿಗೆಯಲ್ಲಿ ನಡೆಯುತ್ತದೆ. ಬರೆಯಲು ಆಹ್ವಾನ ಬೇಕು. ಎರಡೂ ಇಂಗ್ಲಿಷಿನವು.

ಕನ್ನಡದಲ್ಲಿ? ಕನ್ನಡ ವಿಕಿಪೀಡಿಯದ ಚರ್ಚೆಯ ಪುಟಕ್ಕೆ 'ಅರಳಿ ಕಟ್ಟೆ' ಅಂತ ಹೆಸರು. ಮಾತು ವಿಕಿಯ ಕೆಲಸದ ಸುತ್ತಲೇ ಇರುತ್ತದೆ. ಆದರೂ ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಹಳೆಯದು ಅಳಿಸಿಹೋಗದ ಹಾಗೆ ನಡೆಯುವ ಚರ್ಚೆ ಅದು. ಒಂದು ಸಲ ಹೋಗಿ ಓದಿ.

ಸೇರುವಾಗ ಫೋನ್ ನಂಬರು, ಊರಿನ ವಿಳಾಸ ಅಲ್ಲಿ ಇಟ್ಟುಕೊಳ್ಳುವ ಹೆಸರಿನಲ್ಲಿ ಬರದಂತೆ ನೋಡಿಕೊಳ್ಳಿ. ಒಂದು ವಾರ ಬರೀ ಓದಿ. ಪ್ರಶ್ನೆ ಕೇಳುವಾಗ ಇಲ್ಲಿಯವರೆಗೆ ಏನು ಮಾಡಿ ನೋಡಿದಿರಿ ಅಂತ ಬರೆಯಿರಿ. 'ನನ್ನ ರೇಡಿಯೋ ಕೆಟ್ಟಿದೆ' ಅಂದರೆ ಯಾರೂ ಏನೂ ಹೇಳಲಾರರು. 'ದೀಪ ಹೊತ್ತುತ್ತದೆ, ಸ್ಟೇಷನ್ ಬರುವುದಿಲ್ಲ, ವಾಲ್ಯೂಮ್ ಇಳಿಸಿದರೂ ಗುಂಯ್ ಕಡಿಮೆಯಾಗುವುದಿಲ್ಲ' ಅಂದರೆ ಹತ್ತು ಜನ ಬರುತ್ತಾರೆ.

ಕೆಲಸಕ್ಕೆ ಬಂದ ಥ್ರೆಡ್ಡನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಹಳೇ ಸೋಷಿಯಲ್ ಮೀಡಿಯಾ ತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ. ಅಲ್ಲಿ ಬರೆದದ್ದನ್ನು ಎತ್ತಿಟ್ಟುಕೊಳ್ಳದವರು ಎಷ್ಟೋ ಕಳೆದುಕೊಂಡರು.

ಇನ್ನೊಂದು ಕೆಲಸ ಮರೆಯಬೇಡಿ. ಸಮಸ್ಯೆ ಬಗೆಹರಿದ ಮೇಲೆ ವಾಪಸ್ ಬಂದು ಏನಾಯಿತು ಅಂತ ಬರೆಯಿರಿ. ನನಗೆ ಬೇಕಾದ 450 ವೋಲ್ಟಿನ ಕೆಪಾಸಿಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು. ಗೊತ್ತಿದ್ದ ಮೆಕ್ಯಾನಿಕ್ ಹತ್ತಿರ ಹಾಕಿಸಿದೆ, ಸದ್ದು ಹೋಯಿತು. ಅಷ್ಟನ್ನೂ ಫೋಟೋ ಸಮೇತ ಬರೆದೆ. ಮೊನ್ನೆ ಚೆನ್ನೈಯವರೊಬ್ಬರು ಅದೇ ಥ್ರೆಡ್ ಹಿಡಿದು ಬಂದರು. ಅವರ ಸೆಟ್ಟೂ ಗುಂಯ್ ಅನ್ನುತ್ತಿದೆಯಂತೆ. ಮೊದಲು ಪ್ಲಗ್ ತೆಗೆಯಿರಿ ಅಂತ ಬರೆದೆ. ಭಾನುವಾರ ಮುಚ್ಚಳ ಬಿಚ್ಚಿ ಫೋಟೋ ಹಾಕುತ್ತಾರಂತೆ.