ಕಕ್ಕಡದ ಮಳೆಯಲ್ಲಿ ಪಿಂಗಾಣಿ ತಟ್ಟೆ

ಜುಲೈ-ಆಗಸ್ಟಿನ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಪಿಂಗಾಣಿಯ ಫೋಟೊ ತೆಗೆಯುತ್ತೇನೆ ಎಂದಾಗ ಮಡಿಕೇರಿಯ ಸ್ಟುಡಿಯೊ ಗೆಳೆಯರು ನಕ್ಕಿದ್ದರು. "ಡಿಸೆಂಬರ್ ಬಿಸಿಲು ಬರಲಿ, ಕಾಯಿರಿ" ಎಂದರು. ಈಗ ಅವರಲ್ಲಿ ಇಬ್ಬರು ನನ್ನ ಕೊಡೆಯ ವಿಚಾರ ಕೇಳುತ್ತಿದ್ದಾರೆ.

ತಟ್ಟೆ ನಾಪೋಕ್ಲು ಕಡೆಯ ಒಂದು ಕೊಡವ ಕುಟುಂಬದ ಮೂಲಮನೆ, ಅಂದರೆ ಐನ್‌ಮನೆಯದು. ತೋಟ ಮಾರಿ ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡದ್ದಂತೆ. ಕೈಯಲ್ಲಿ ಬರೆದ ಗುಲಾಬಿ, ಚಿನ್ನದ ಅಂಚು. ಅಂಗಳ ದಾಟಿಸುವಂತಿಲ್ಲ ಎಂಬ ಷರತ್ತು ಬೇರೆ.

ಮೊದಲ ಸಲ ಫ್ಲ್ಯಾಶ್ ಗುಲಾಬಿಯ ನಡುವೆಯೇ ಬಿಳಿ ಬೊಟ್ಟಾಗಿ ಕುಳಿತಿತು. ಸುಮಾರು 1,800 ರೂಪಾಯಿ ಕೊಟ್ಟು ಬಿಳಿ ಬಟ್ಟೆಯ ಲೈಟ್ ಟೆಂಟ್ ತರಿಸಿದೆ. ಹೊಳಪು ಹೋಯಿತು, ಕುಂಚದ ಗೆರೆಗಳೂ ಹೋದವು. ಆ ಟೆಂಟ್ ಇನ್ನು ಕಾಳುಮೆಣಸು ಒಣಗಿಸಲಿಕ್ಕಾದರೂ ಆದೀತು. ಮೂರನೆಯ ಸಲ ಅಂಗಳದ ಬದಿಗಿಟ್ಟು ತೆಗೆದರೆ, ತೋಟದ ಎಲೆಗಳ ಮೇಲಿಂದ ಬಂದ ಬೆಳಕಿಗೆ ತಟ್ಟೆಯೇ ಹಸಿರಾಯಿತು. ಜೀಪ್ ಬಾಡಿಗೆಯೇ ಎರಡು ಸಾವಿರದ ಹತ್ತಿರ ಹೋಗಿತ್ತು.

ಕೊನೆಗೆ ಕೈಯಾಲೆಯ (ಮನೆಯ ಮುಂದಿನ ಜಗಲಿಯ) ಐಮರವೇ, ಅಂದರೆ ಕುಳಿತುಕೊಳ್ಳುವ ದಪ್ಪ ಮರದ ಹಲಗೆಯೇ, ಮೇಜಾಯಿತು. ತೋಟದ ಕಡೆಗೆ ಬಿಳಿ ಪಂಚೆ ಕಟ್ಟಿ ಹಸಿರನ್ನು ತಡೆದೆ. ಮೋಡದ ಬೆಳಕು ಒಂದೇ ಬದಿಯಿಂದ ಬರುತ್ತಿತ್ತು. ಮಳೆಗಾಲಕ್ಕಿಂತ ದೊಡ್ಡ, ಬೆಳಕನ್ನು ಮೆತ್ತಗಾಗಿಸುವ ಸಾಫ್ಟ್‌ಬಾಕ್ಸ್ ಯಾವ ಅಂಗಡಿಯಲ್ಲಿದೆ? ಹಳೆಯ ಕರಿ ಕೊಡೆಯಲ್ಲಿ ಲೆನ್ಸಿನಷ್ಟೇ ತೂತು ಕೊರೆದು ಕ್ಯಾಮೆರಾದ ಮುಂದೆ ಹಿಡಿದೆ, ನನ್ನ ಮುಖವೂ ಟ್ರೈಪಾಡ್ ಕಾಲೂ ತಟ್ಟೆಯಿಂದ ಮಾಯವಾದವು. ಹೊಳಪು ತಗ್ಗಿಸುವ ಫಿಲ್ಟರ್ ಆದ ಪೋಲರೈಸರ್ ನೇರ ಮೇಲಿನಿಂದ ಏನೂ ಮಾಡಲಿಲ್ಲ. ಕ್ಯಾಮೆರಾವನ್ನು ತಟ್ಟೆಯ ಮಟ್ಟದಿಂದ ಸುಮಾರು 35 ಡಿಗ್ರಿಗೆ ತಗ್ಗಿಸಿ ಓರೆಯಾಗಿ ನೋಡಿದಾಗ ತಟ್ಟೆಯ ಗಾಜಿನಂಥ ಲೇಪದ ಹೊಳಪು ಕರಗಿತು. ಕ್ಯಾಮೆರಾ ಸೆಟ್ಟಿಂಗ್ ಎಫ್ 11, ಐಎಸ್‌ಒ 100, ಶಟರ್ ತೆರೆದದ್ದು ಎರಡು ಸೆಕೆಂಡಿನ ಹತ್ತಿರ. ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು, ಕೊಡದಿದ್ದರೆ ಬಿಳಿ ಬೂದುಬಣ್ಣವಾಗುತ್ತದೆ. ಅಷ್ಟರಲ್ಲಿ ಮನೆಯವರೊಬ್ಬರು ಬಂದು ಐಮರದ ಮೇಲೆ ಕುಳಿತರು, ಆರೇಳು ಫೋಟೊ ಅಲುಗಿ ಹಾಳಾದವು.

ಚಿನ್ನದ ಅಂಚು ಲೋಹ, ಅದರ ಮೇಲೆ ಪೋಲರೈಸರ್ ಆಟ ನಡೆಯುವುದಿಲ್ಲ. ಅದಕ್ಕೆ ಎದುರು ಹಿಡಿದದ್ದು ಅಡುಗೆಮನೆಯಲ್ಲಿ ಸಿಕ್ಕ ಒಂದು ವಸ್ತು, ಅದು ಹಳದಿ ಬಣ್ಣದ್ದು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಬಿಡುವಿನಲ್ಲಿ ಅದೇ ಸೆಟ್ಟಿನ ಕಪ್ಪಿನೊಳಗೆ ಟಾರ್ಚ್ ಇಟ್ಟೆ. ಬೋನ್ ಚೈನಾ ಹಾಲಿನ ಕೆನೆಯಂತೆ ಬೆಳಗಿತು, ಆದರೆ ಒಳಗಿನ ಕಲೆಗಳೂ ಕಂಡವು; ಆ ಫೋಟೊ ಮನೆಯವರಿಗೆ ತೋರಿಸಿಲ್ಲ. ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊದಲ್ಲಿ ಗುಲಾಬಿ ದಳದ ಬುಡ ದಪ್ಪ, ತುದಿ ಸಪೂರ, ಅಚ್ಚಿನ ಚುಕ್ಕಿ ಒಂದೂ ಇಲ್ಲ. ಕೈಕೆಲಸವೇ ಎಂದು ಒಪ್ಪಿದೆ.

ಈಗ ಅದೇ ಮನೆಯವರು ಬೆಳ್ಳಿಯ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಫೋಟೊ ತೆಗೆಯಲು ಕೊಟ್ಟಿದ್ದಾರೆ. ನಾಲ್ಕು ದಿನವಾಯಿತು, ಅದರಲ್ಲಿ ಇನ್ನೂ ನನ್ನ ಕೊಡೆಯೇ ಕಾಣುತ್ತಿದೆ.