ಬೇಡವೆಂದ ಎರಡು ಲಕ್ಷದ ನಲವತ್ತು ಸಾವಿರ

2020ರ ಜುಲೈ, ಕೊರೊನಾ ಕಾಲ. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಅಡಿಕೆ ಹಾಳೆತಟ್ಟೆ ಘಟಕದ ಯಂತ್ರಗಳು ತಣ್ಣಗಾಗಿ ನಾಲ್ಕು ತಿಂಗಳಾಗಿತ್ತು. ಮದುವೆಯಿಲ್ಲ, ದೇವಸ್ಥಾನಗಳಲ್ಲಿ ಬ್ರಹ್ಮಕಲಶವಿಲ್ಲ, ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಸರಕು ಕಳಿಸುವುದೂ ಕಷ್ಟ. ಆಗ ಬ್ಯಾಂಕಿನಿಂದ ಫೋನ್ ಬಂತು. ಕೇಂದ್ರ ಸರಕಾರ ಖಾತರಿ ನಿಲ್ಲುವ ತುರ್ತು ಸಾಲ. ಫೆಬ್ರವರಿ 29ಕ್ಕೆ ಇದ್ದ ಬಾಕಿಯ ಶೇ. 20ರಷ್ಟು ಸಿಗುತ್ತದೆ, ಬೇರೆ ಅಡವು ಬೇಡ, ಬಡ್ಡಿ ಶೇ. 9.25 ಮೀರುವುದಿಲ್ಲ, ಮೊದಲ ವರ್ಷ ಬಡ್ಡಿ ಮಾತ್ರ ಕಟ್ಟಿದರೆ ಸಾಕು. ನನ್ನ ಬಾಕಿ 12 ಲಕ್ಷ, ಅಂದರೆ 2.4 ಲಕ್ಷ ಸಿಗುತ್ತಿತ್ತು. ‘ಬೇಡ ಸಾರ್’ ಎಂದೆ.

ಆ ‘ಬೇಡ’ದ ಬೇರು 2008ರಲ್ಲಿದೆ. ಆಗ ನಾನು ಮಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಸೆಪ್ಟೆಂಬರ್ 29ರಂದು ಅಮೆರಿಕದ ಕೆಳಮನೆ ಮುಳುಗುತ್ತಿದ್ದ ಬ್ಯಾಂಕುಗಳಿಗೆ 70 ಸಾವಿರ ಕೋಟಿ ಡಾಲರಿನ ನೆರವು ಕೊಡುವ ಮಸೂದೆಯನ್ನು 228–205 ಮತಗಳಿಂದ ತಳ್ಳಿಹಾಕಿತು. ಬ್ಯಾಂಕುಗಳ ತಪ್ಪಿಗೆ ಜನರ ತೆರಿಗೆ ಯಾಕೆ ಎಂದು ತರಗತಿಯಲ್ಲಿ ನಾನು ಗಟ್ಟಿಯಾಗಿ ವಾದಿಸಿದ್ದೆ. ಅದೇ ದಿನ ಅಲ್ಲಿನ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ 777 ಅಂಶ ಕುಸಿದದ್ದು, ಅಕ್ಟೋಬರ್ 3ಕ್ಕೆ ಮಸೂದೆ ತಿದ್ದುಪಡಿಯೊಂದಿಗೆ ಪಾಸಾದದ್ದು ನನ್ನನ್ನು ಅಲುಗಿಸಲಿಲ್ಲ. ನೆರವು ಕೇಳುವವನು ಲೆಕ್ಕ ತಪ್ಪಿದವನೇ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು.

ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಕೊಟ್ಟ ಆರು ತಿಂಗಳ ಅವಕಾಶವನ್ನೂ ಬಿಟ್ಟೆ. ಅದು ಸರಿಯೇ ಆಯಿತೆಂದು ಈಗಲೂ ಅನಿಸುತ್ತದೆ, ಯಾಕೆಂದರೆ ಕಂತು ನಿಂತರೂ ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು ಸರಕಾರ ಭರಿಸಿದಾಗ, ಕಂತು ಕಟ್ಟಿದ ನನ್ನ ಖಾತೆಗೂ ನವೆಂಬರಿನಲ್ಲಿ ಸುಮಾರು 1,500 ರೂಪಾಯಿ ಬಂತು. ಆದರೆ ಕಂತಿಗೆ ಹೋದದ್ದು ಹಾಳೆ ಕೊಳ್ಳಲು ಇಟ್ಟಿದ್ದ ದುಡ್ಡು. ಆ ತೂತು ಮುಚ್ಚಲು 2.4 ಲಕ್ಷ ಧಾರಾಳ ಸಾಕಿತ್ತು.

ಹಾಳೆಯ ಕೆಲಸ ಗೊತ್ತಿದ್ದವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ. ತೋಟದಲ್ಲಿ ಬಿದ್ದ ಹಾಳೆಯನ್ನು ಬೇಸಗೆಯಲ್ಲೇ ಹೆಕ್ಕಿ, ಒಣಗಿಸಿ, ಕಟ್ಟು ಕಟ್ಟಿ ಅಟ್ಟಕ್ಕೇರಿಸಬೇಕು. ಮಳೆ ಬಿದ್ದಮೇಲೆ ಸಿಗುವುದು ಬೂಸ್ಟು ಹಿಡಿದ ಹಾಳೆ. 2021ರ ಜನವರಿಯಿಂದ ಮೇವರೆಗೆ ನನ್ನ ಕೈಯಲ್ಲಿ ದುಡ್ಡಿರಲಿಲ್ಲ. ವರ್ಷಗಳಿಂದ ನನಗೇ ಕೊಡುತ್ತಿದ್ದ ತೋಟದವರು ಬೇರೆಯವರಿಗೆ ಕೊಟ್ಟರು. ಅವರನ್ನು ದೂರುವುದು ಹೇಗೆ? ಎರಡನೇ ಅಲೆ ಇಳಿದು ಮದುವೆಗಳು ಶುರುವಾದಾಗ ಆರ್ಡರ್ ಬಂತು, ಅಟ್ಟ ಖಾಲಿ. ಎರಡು ರೂಪಾಯಿಯ ಹಾಳೆಯನ್ನು ಮೂರೂವರೆ ಕೊಟ್ಟು 40 ಸಾವಿರ ಹಾಳೆ ತಂದೆ. ಅದರಲ್ಲೇ 60 ಸಾವಿರ ರೂಪಾಯಿ ಹೆಚ್ಚಿಗೆ ಹೋಯಿತು. ಬೇಡವೆಂದ ಸಾಲದ ಮೊದಲ ವರ್ಷದ ಬಡ್ಡಿ 22,200 ರೂಪಾಯಿ ಆಗುತ್ತಿತ್ತು. ಈ ಲೆಕ್ಕವನ್ನು ನಾನು ಮೊದಲೇ ಹಾಕಬೇಕಿತ್ತು. ಬಡ್ಡಿ ಎಷ್ಟೆಂದು ನೋಡಿದೆನೇ ಹೊರತು, ದುಡ್ಡಿಲ್ಲದಿದ್ದರೆ ಯಾವ ತಿಂಗಳು ಏನು ನಿಲ್ಲುತ್ತದೆಂದು ಬರೆದು ನೋಡಲಿಲ್ಲ.

ದುಡ್ಡಿನ ನಷ್ಟ ಹೇಗೋ ತುಂಬಿಕೊಂಡೆ. ನಮ್ಮಲ್ಲಿ ಐದು ಮಂದಿ ಹೆಂಗಸರು ದುಡಿಯುತ್ತಿದ್ದರು. ಎರಡು ತಿಂಗಳು ಅರ್ಧ ಸಂಬಳ ಕೊಟ್ಟೆ, ಮತ್ತೆ ಆಗಲಿಲ್ಲ. ಆರು ವರ್ಷ ನಮ್ಮಲ್ಲಿದ್ದ ಅಕ್ಕ ಒಬ್ಬರು ಮಗಳ ಫೀಸಿಗೆ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದಿಂದ ಸಾಲ ತೆಗೆದರೆಂದು ಆಮೇಲೆ ತಿಳಿಯಿತು. ನನ್ನ ಹೆಂಡತಿ ಅಂದು ರಾತ್ರಿ ಹೇಳಿದಳು: “ಸಾಲ ಬೇಡ ಅಂದದ್ದು ನೀವು. ಮಾಡಬೇಕಾಗಿ ಬಂದದ್ದು ಅವರಿಗೆ.” ನನ್ನಲ್ಲಿ ಉತ್ತರವಿರಲಿಲ್ಲ. ಬ್ಯಾಂಕಿನ ಫೋನ್ ಬಂದ ದಿನ ಆ ಐವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ.

2022ರ ಜನವರಿಯಲ್ಲಿ ನಾನೇ ಬ್ಯಾಂಕಿಗೆ ಹೋಗಿ ಹಾಳೆ ಕೊಳ್ಳಲು ಮೂರು ಲಕ್ಷ ಕೇಳಿದೆ. ಈ ಸಲ ಜಾಗದ ದಾಖಲೆ ಇಡಬೇಕಾಯಿತು. ಮಾರ್ಚಿನ ಹೊತ್ತಿಗೆ ಅಟ್ಟ ತುಂಬಿತು. ಹಳಬರಲ್ಲಿ ಮೂವರು ಮರಳಿ ಬಂದರು. ಆ ಅಕ್ಕ ಬರಲಿಲ್ಲ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ತಿಂಗಳ ಸಂಬಳ ತಪ್ಪುವುದಿಲ್ಲ ಎಂದರು.