ಬೋರ್ಡು ಇಳಿಸಿದ ಮೇಲೆ ಕುದುರಿದ ಬೂದುಗುಂಬಳದ ವ್ಯಾಪಾರ: ನನ್ನ ಅನುಭವ

ಇಂಥಿಂಥ ಕಾಯಿಲೆಗೆ ಒಳ್ಳೆಯದು ಎಂದು ಪಟ್ಟಿ ಬರೆದ ಬೋರ್ಡು ಇಲ್ಲದೆ ಬೆಳಗಿನ ಹೊತ್ತು ತರಕಾರಿ ಜ್ಯೂಸ್ ಮಾರಲಾಗದು ಎಂಬುದು ನಮ್ಮ ಕಸುಬಿನ ಬಹುಪಾಲು ಮಂದಿಯ ನಂಬಿಕೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಕಡೆ ವಾಕಿಂಗಿಗೆ ಬರುವವರನ್ನು ನಂಬಿ ಬೂದುಗುಂಬಳದ ಜ್ಯೂಸ್ ಗಾಡಿ ಇಟ್ಟಿರುವ ನಾನು ಆ ಬೋರ್ಡನ್ನು ಇಳಿಸಿ ಮೂರು ವರ್ಷದ ಮೇಲಾಯಿತು. ಆಗ ದಿನಕ್ಕೆ 30-35 ಲೋಟ ಹೋದರೆ ಹೆಚ್ಚು ಎನ್ನುವಂತಿತ್ತು. ಈಗ ಮಳೆಯಿಲ್ಲದ ದಿನ 90ರ ಆಸುಪಾಸು ಹೋಗುತ್ತದೆ, ಭಾನುವಾರ ಇನ್ನೂ ಸ್ವಲ್ಪ ಹೆಚ್ಚು. ಆಗ ನಕ್ಕವರಲ್ಲಿ ಇಬ್ಬರು ಈಗ ತಮ್ಮ ಬೋರ್ಡನ್ನೂ ಇಳಿಸಿದ್ದಾರೆ ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಾಯಿ ಆರಿಸುವುದು, ಸಿಪ್ಪೆ ಹೆರೆಯುವುದು, ರುಬ್ಬಿ ಸೋಸುವುದು ಗಾಡಿ ನಡೆಸುವವರಿಗೆಲ್ಲ ಗೊತ್ತಿರುವ ಕೆಲಸವಾದ್ದರಿಂದ ಅದನ್ನು ಇಲ್ಲಿ ಹಂತಹಂತವಾಗಿ ಬರೆಯುವುದಿಲ್ಲ.

ನನ್ನ ಬೋರ್ಡಿನಲ್ಲಿ ಮೊದಲು ಇದ್ದದ್ದು ಎಲ್ಲರ ಬೋರ್ಡಿನಲ್ಲೂ ಇರುವುದೇ: ಸಕ್ಕರೆ ಕಾಯಿಲೆ, ಬಿ.ಪಿ., ಬೊಜ್ಜು, ಕಿಡ್ನಿ ಕಲ್ಲು, ಗ್ಯಾಸ್ಟ್ರಿಕ್. ಫ್ಲೆಕ್ಸ್ ಅಂಗಡಿಯವರ ಕಂಪ್ಯೂಟರಿನಲ್ಲಿ ಆ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ, ನಾವು ತರಕಾರಿಯ ಹೆಸರು ಹೇಳಿದರೆ ಸಾಕು. ಕಾಯಿಲೆಯ ಹೆಸರು ಓದಿ ಬರುವ ಗಿರಾಕಿಯ ನಡವಳಿಕೆಯನ್ನು ಗಮನಿಸಿದಾಗ ಲೆಕ್ಕ ತಪ್ಪುತ್ತಿರುವುದು ಎಲ್ಲಿ ಎಂದು ತಿಳಿಯಿತು. ಅಂಥವರು ಮೊದಲ ವಾರ ತಪ್ಪದೆ ಬರುತ್ತಾರೆ, ಎರಡನೆಯ ವಾರ ಗ್ಲೂಕೋಮೀಟರಿನ ಅಂಕಿ ಹೇಳಲು ಆರಂಭಿಸುತ್ತಾರೆ, ಅಂಕಿ ಇಳಿಯದಿದ್ದರೆ ತಿಂಗಳೊಳಗೆ ಮಾಯವಾಗುತ್ತಾರೆ. ಇಳಿದರೂ ‘ಇನ್ನು ಸಾಕು’ ಎಂದು ಬಿಟ್ಟುಬಿಡುತ್ತಾರೆ. ಹೀಗಾಗಿ ತಿಂಗಳು ತಿಂಗಳೂ ಹೊಸ ಗಿರಾಕಿಗಳನ್ನು ಹುಡುಕುವುದೇ ಕೆಲಸವಾಗುತ್ತದೆ. ರುಚಿಗೆ, ಅಭ್ಯಾಸಕ್ಕೆ, ನಾಲ್ಕು ಜನ ನಿಂತು ಮಾತಾಡುವ ಸಲುವಾಗಿ ಬರುವವರಾದರೆ ವರ್ಷಗಟ್ಟಲೆ ಉಳಿಯುತ್ತಾರೆ.

ಬೋರ್ಡು ಇಳಿಸಲು ಇನ್ನೊಂದು ಕಾರಣವೂ ಇತ್ತು. ನಿವೃತ್ತರಾದ ಒಬ್ಬ ಹಿರಿಯರು ಒಂದು ಬೆಳಗ್ಗೆ ಲೋಟವನ್ನು ಕೈಯಲ್ಲಿ ಹಿಡಿದು, ‘ನಿನ್ನ ಜ್ಯೂಸ್ ನಂಬ್ಕೊಂಡು ರಾತ್ರಿ ಮಾತ್ರೆ ಬಿಟ್ಟಿದ್ದೀನಿ ಕಣಪ್ಪ, ಬರ್ದಿದ್ದೀಯಲ್ಲ’ ಎಂದು ಬೋರ್ಡಿನ ಕಡೆ ಕೈ ತೋರಿಸಿದರು. ಅವರನ್ನು ಒಪ್ಪಿಸಿ ವೈದ್ಯರ ಬಳಿಗೆ ಕಳುಹಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅವರ ಮಗನಿಗೂ ಫೋನು ಮಾಡಬೇಕಾಯಿತು. ಅಂದು ಮಧ್ಯಾಹ್ನವೇ ಬೋರ್ಡು ಗಾಡಿಯ ಕೆಳಗೆ ಸೇರಿತು, ಈಗ ಅದು ಮಳೆಗೆ ತರಕಾರಿ ಮುಚ್ಚಲು ಬಳಕೆಯಾಗುತ್ತಿದೆ.

ಕಾನೂನಿನ ವಿಷಯವನ್ನು ತಿಳಿದುಕೊಂಡದ್ದು ಆಮೇಲೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಮೂತ್ರಪಿಂಡದ ಕಲ್ಲು ಮುಂತಾದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಆಹಾರದ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೂ ದಂಡ ಹಾಕಬಹುದು. ತಳ್ಳುಗಾಡಿಯವನನ್ನು ಯಾರು ಕೇಳುತ್ತಾರೆ ಎಂದು ನಮ್ಮವರು ಹೇಳುವುದುಂಟು. ಆದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಅದರ ಪ್ರಮಾಣಪತ್ರವನ್ನು ಗಾಡಿಗೆ ತಗುಲಿಸಿ, ಅದರ ಪಕ್ಕದಲ್ಲೇ ಇಂಥ ಬೋರ್ಡು ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ನಾನು ನೋಂದಣಿ ಮಾಡಿಸಿದಾಗ ಸಣ್ಣ ವ್ಯಾಪಾರಿಗೆ ವರ್ಷದ ಶುಲ್ಕ 100 ರೂಪಾಯಿಯಿತ್ತು, ಅದನ್ನು ಮಾಡಿಸಿಕೊಟ್ಟವರು ತೆಗೆದುಕೊಂಡದ್ದು ಅದರ ಐದಾರು ಪಟ್ಟು.

ಬೋರ್ಡು ಇಳಿಸಿದ ಮೊದಲ ಎರಡು ತಿಂಗಳು ವ್ಯಾಪಾರ ನೆಲ ಕಚ್ಚಿತು. ದಿನಕ್ಕೆ 15 ಲೋಟ, ಕೆಲವು ದಿನ 10. ಪಕ್ಕದ ಗಾಡಿಯವರು, ‘ಏನ್ರೀ, ವ್ಯಾಪಾರ ಬೇಡ್ವಾ ನಿಮ್ಗೆ?’ ಎಂದು ಕೇಳಿದರೆ ಮನೆಯವಳು ಏನನ್ನೂ ಕೇಳದೆ ಚೀಟಿ ಹಣದ ಪುಸ್ತಕವನ್ನು ತಂದು ಮುಂದಿಡುತ್ತಿದ್ದಳು. ಆ ಅವಧಿಯಲ್ಲಿ ಕೈಯಿಂದ ಹೋದದ್ದು ಸುಮಾರು 18,000 ರೂಪಾಯಿ ಇರಬೇಕು. ಕಾಯಿಲೆಯ ಮಾತು ಹೋದ ಮೇಲೆ ಉಳಿಯುವುದು ರುಚಿ ಮತ್ತು ತಾಜಾತನ ಮಾತ್ರ, ಬೂದುಗುಂಬಳಕ್ಕೆ ಅವೆರಡನ್ನೂ ಕೊಡುವುದು ಸುಲಭವಲ್ಲ. ಔಷಧಿ ಎಂದುಕೊಂಡವರು ಹಸಿ ವಾಸನೆಯನ್ನು ಸಹಿಸಿಕೊಂಡು ಕುಡಿಯುತ್ತಾರೆ, ಪಾನೀಯ ಎಂದುಕೊಂಡವರು ಒಂದು ಗುಟುಕಿಗೇ ಲೋಟ ಕೆಳಗಿಡುತ್ತಾರೆ. ಆದ್ದರಿಂದ ನನ್ನ ದುಡ್ಡೂ ತಲೆಬಿಸಿಯೂ ಹೆಚ್ಚು ಹೋದದ್ದು ಈ ಹಸಿ ವಾಸನೆಯ ಹಿಂದೆ.

ರಾತ್ರಿಯೇ ಹೆಚ್ಚಿಟ್ಟರೆ ಬೆಳಗ್ಗೆ ಕೆಲಸ ಹಗುರ ಎಂದು ಹೋಳುಗಳನ್ನು ಫ್ರಿಜ್ಜಿನಲ್ಲಿಟ್ಟು ನೋಡಿದೆ. ಹೋಳು ನೀರು ಬಿಟ್ಟು ಜೋತುಬೀಳುತ್ತದೆ, ರಸಕ್ಕೆ ಒಂದು ಬಗೆಯ ಹುಳಿ ಮುಗ್ಗಲು ವಾಸನೆ ಬರುತ್ತದೆ. ಮನೆಯಲ್ಲೇ ರಸ ತೆಗೆದು ಐಸ್ ಪೆಟ್ಟಿಗೆಯಲ್ಲಿ ತಂದಾಗ ಕೆರೆಯ ಹತ್ತಿರ ಬರುವಷ್ಟರಲ್ಲಿ ಮೇಲೆ ನೊರೆ, ಕೆಳಗೆ ಗಸಿ. ಮಿಕ್ಸಿಯ ಬಿಸಿಯಿಂದಲೇ ವಾಸನೆ ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ನಿಧಾನವಾಗಿ ಹಿಂಡುವ ಮನೆಬಳಕೆಯ ಯಂತ್ರಕ್ಕೆ 14,000 ರೂಪಾಯಿಯಷ್ಟು ಸುರಿದೆ. ರಸ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದು ಮನೆಯವರು ನಾಲ್ಕು ಲೋಟ ಕುಡಿಯಲೆಂದು ಮಾಡಿದ ಯಂತ್ರ, ಗಾಡಿಯ ಓಟಕ್ಕೆ ಎರಡನೆಯ ತಿಂಗಳಿಗೇ ಮೋಟಾರು ಸುಟ್ಟಿತು, ವ್ಯಾಪಾರಕ್ಕೆ ಬಳಸಿದ್ದೀರೆಂದು ಗ್ಯಾರಂಟಿಯೂ ಸಿಗಲಿಲ್ಲ. ಕೊನೆಗೆ ಕೈಗೆ ಹತ್ತಿದ್ದು ಹಳೆಯ ದಾರಿಯೇ: ಗಿರಾಕಿಯ ಎದುರಿನಲ್ಲಿ ಕಾಯಿ ಕತ್ತರಿಸುವುದು, ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸುವುದು, ಎರಡು ಮಡಿಕೆಯ ಮಲ್ ಬಟ್ಟೆಯಲ್ಲಿ ಕೈಯಲ್ಲೇ ಹಿಂಡುವುದು. ವಾಸನೆ ಹೆಚ್ಚಾಗಿ ಇರುವುದು ಸಿಪ್ಪೆಯ ಕೆಳಗಿನ ಹಸಿರು ಪದರದಲ್ಲಿ ಎಂಬುದು ನನ್ನ ಲೆಕ್ಕ. ಬೆರಳ ದಪ್ಪದಷ್ಟು ಹೆರೆದರೆ ತೂಕ ಹೋಗುತ್ತದೆಂದು ನಾವೆಲ್ಲ ಜಿಪುಣತನ ಮಾಡುತ್ತೇವೆ, ಆ ಜಿಪುಣತನ ಬಿಟ್ಟಾಗ ಅರ್ಧ ವಾಸನೆ ಹೋಯಿತು. ಉಳಿದರ್ಧಕ್ಕೆ ರುಬ್ಬುವಾಗ ಒಂದು ಎಲೆಯನ್ನೂ ಚಿಟಿಕೆಯಷ್ಟು ಇನ್ನೊಂದು ಪದಾರ್ಥವನ್ನೂ ಹಾಕುತ್ತೇನೆ. ಪುದೀನ, ಶುಂಠಿ, ಮೆಣಸು ಎಂದು ಎಲ್ಲರೂ ಊಹಿಸುತ್ತಾರೆ. ಅವು ಮೂರೂ ಅಲ್ಲ ಎಂದಷ್ಟೇ ಹೇಳಬಲ್ಲೆ, ಉಳಿದದ್ದು ಹೊಟ್ಟೆಪಾಡಿನ ವಿಷಯ.

ಈ ನಡುವೆ ಬೇರೆ ತರಕಾರಿಗಳನ್ನೂ ಇಟ್ಟು ನೋಡಿದೆ. ಬೀಟ್‌ರೂಟಿನ ಬಣ್ಣಕ್ಕೆ ಜನ ಬರುತ್ತಾರೆ. ಅದರಲ್ಲಿರುವ ನೈಟ್ರೇಟ್ ರಕ್ತದೊತ್ತಡವನ್ನು ಒಂದಿಷ್ಟು ಇಳಿಸುತ್ತದೆ ಎಂಬುದಕ್ಕೆ ಮನುಷ್ಯರ ಮೇಲೆ ಮಾಡಿದ ಪ್ರಯೋಗಗಳ ಆಧಾರವೂ ಇದೆ, ಆದರೆ ಆಕ್ಸಲೇಟ್ ಹೆಚ್ಚಿರುವುದರಿಂದ ಕಿಡ್ನಿ ಕಲ್ಲಿನವರಿಗೆ ಸಲ್ಲದು. ಒಬ್ಬರು ಮೂತ್ರ ಕೆಂಪಾಗಿದೆಯೆಂದು ಗಾಬರಿಯಿಂದ ಫೋನು ಮಾಡಿದ ಮೇಲೆ ಬೀಟ್‌ರೂಟಿನ ಬಣ್ಣದಿಂದ ಹಾಗಾಗುತ್ತದೆ ಎಂದು ಮೊದಲೇ ಹೇಳಿ ಕೊಡುವುದನ್ನು ರೂಢಿ ಮಾಡಿಕೊಂಡೆ. ಹಾಗಲಕಾಯಿಯದು ಬೇರೆ ಕಥೆ. ಸಕ್ಕರೆ ಕಾಯಿಲೆಗೆ ಅದರಷ್ಟು ಹೆಸರು ಮಾಡಿದ ತರಕಾರಿ ಇನ್ನೊಂದಿಲ್ಲ, ಆದರೆ ಹಲವು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2012ರ ಪರಿಶೀಲನೆ ಅದನ್ನು ಶಿಫಾರಸು ಮಾಡುವಷ್ಟು ಪುರಾವೆಯಿಲ್ಲ ಎಂದೇ ಹೇಳಿತು. ಪರಿಣಾಮ ಇಲ್ಲವೇ ಇಲ್ಲ ಎಂದು ಅದರ ಅರ್ಥವಲ್ಲ. ಸಕ್ಕರೆ ಇಳಿಸುವ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡವರು ಅದರ ಮೇಲೆ ಖಾಲಿ ಹೊಟ್ಟೆಗೆ ಹಾಗಲ ಕುಡಿದು ಕೆರೆ ಸುತ್ತಿದರೆ ಸಕ್ಕರೆ ತೀರಾ ಕುಸಿಯುವ ಅಪಾಯವಿದೆ. ಮನೆಯಲ್ಲಿ ಗೊಜ್ಜು ಮಾಡಿ ಊಟದ ಜೊತೆ ತಿನ್ನಿ ಎಂದು ಹೇಳಿ ಹಾಗಲಕಾಯಿಯನ್ನು ಗಾಡಿಯಿಂದ ಇಳಿಸಿದೆ.

ಸೋರೆಕಾಯಿಯ ವಿಷಯದಲ್ಲಿ ಮಾತ್ರ ನಾನು ಯಾರ ಮುಲಾಜಿಗೂ ಒಳಗಾಗುವವನಲ್ಲ. ಸೋರೆ, ಹಾಗಲ ಎರಡನ್ನೂ ಬೆರೆಸಿದ ಲೋಟವನ್ನು ಈಗಲೂ ಕೆಲವರು ಮಾರುತ್ತಾರೆ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಇಂಥದೇ ಬೆರಕೆಯ ರಸ ಕುಡಿದು ತೀರಿಕೊಂಡರು, ಅವರ ಪತ್ನಿಯೂ ಆಸ್ಪತ್ರೆ ಸೇರಿದ್ದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು ಕಹಿ ಇರುವ ಸೋರೆ ರಸವನ್ನು ಕುಡಿಯಲೇಬಾರದು, ಬೇರೆ ರಸದೊಂದಿಗೆ ಬೆರೆಸಲೂಬಾರದು ಎಂದು ತಿಳಿಸಿತು. ಕಾರಣ ಸರಳವಾದದ್ದು. ಸೋರೆಯಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ವಿಷ ಹೆಚ್ಚಾಗುತ್ತದೆ, ಅದರ ಸುಳಿವು ಸಿಗುವುದು ಕಹಿಯಿಂದಲೇ. ಹಾಗಲ ಬೆರೆಸಿದರೆ ಆ ಕಹಿ ಯಾರದೆಂದು ನಾಲಿಗೆಗೆ ತಿಳಿಯುವುದಿಲ್ಲ. ಕಾಯಿ ನೋಡಿ, ಮುಟ್ಟಿ, ಉಗುರಿನಿಂದ ಚುಚ್ಚಿ ಇದನ್ನು ಗುರುತಿಸಲಾಗದು. ನಾನು ಸೋರೆ ಮಾರುತ್ತಿದ್ದಾಗ ಪ್ರತಿ ಕಾಯಿಯ ತೊಟ್ಟಿನ ಕಡೆಯ ತುಣುಕನ್ನು ನಾಲಿಗೆಯ ತುದಿಗೆ ಇಟ್ಟು ನೋಡಿ ಉಗಿಯುತ್ತಿದ್ದೆ. ಒಮ್ಮೆ ಮಂಡಿಯಿಂದ ಬಂದ ಒಳ್ಳೆಯ ಎಳೆಯ ಕಾಯಿಗಳ ಚೀಲದಲ್ಲೇ ಒಂದು ಕಾಯಿ ನಾಲಿಗೆಯನ್ನು ಹಿಡಿದೆಳೆಯುವಷ್ಟು ಕಹಿಯಿತ್ತು, ನೀರಿನಲ್ಲಿ ಬಾಯಿ ಮುಕ್ಕಳಿಸಿದರೂ ಹತ್ತು ನಿಮಿಷ ಹೋಗಲಿಲ್ಲ. ಆ ಚೀಲವನ್ನು ಪೂರ್ತಿ ತಿಪ್ಪೆಗೆ ಹಾಕಿ ಅಂದಿನಿಂದ ಸೋರೆಯ ಜ್ಯೂಸನ್ನೇ ಬಿಟ್ಟೆ. ಬೂದುಗುಂಬಳದ ಪ್ರತಿ ಕಾಯಿಯನ್ನೂ ಈಗಲೂ ಹಾಗೆಯೇ ರುಚಿ ನೋಡಿ ಕತ್ತರಿಸುತ್ತೇನೆ, ಗಿರಾಕಿಗಳು ಅದನ್ನು ನಿಂತು ನೋಡುತ್ತಾರೆ. ಬೋರ್ಡಿಗಿಂತ ಹೆಚ್ಚು ವ್ಯಾಪಾರ ತಂದದ್ದು ಈ ಒಂದು ಕೆಲಸ ಎಂದು ನನಗೆ ಖಾತ್ರಿಯಿದೆ.

ಇದು ಏನಕ್ಕೆ ಒಳ್ಳೆಯದು ಎಂದು ಈಗಲೂ ದಿನಕ್ಕೆ ಐದಾರು ಜನ ಕೇಳುತ್ತಾರೆ. ‘ಬಾಯಾರಿಕೆಗೆ’ ಎನ್ನುತ್ತೇನೆ. ಅದು ತಮಾಷೆಯ ಉತ್ತರವಲ್ಲ, ಬೂದುಗುಂಬಳದಲ್ಲಿ ನೂರಕ್ಕೆ 96ರಷ್ಟು ಬರೀ ನೀರು, ಸಕ್ಕರೆ ತೀರಾ ಕಡಿಮೆ. ಬೆಳಗ್ಗೆ ಸಿಹಿ ಕಾಫಿಯ ಬದಲು ಇದನ್ನು ಕುಡಿದವರಿಗೆ ಹಗುರವೆನಿಸಿದರೆ ಅದರಲ್ಲಿ ಪವಾಡವೇನೂ ಇಲ್ಲ, ಸಕ್ಕರೆಯೂ ಹಾಲೂ ತಪ್ಪಿದ್ದಕ್ಕೇ ಅರ್ಧ ಶ್ರೇಯಸ್ಸು ಸಲ್ಲಬೇಕು. ಆಯುರ್ವೇದದಲ್ಲಿ ಕೂಷ್ಮಾಂಡಕ್ಕೆ, ಅಂದರೆ ಬೂದುಗುಂಬಳಕ್ಕೆ, ಸ್ಥಾನವಿದೆ, ಕೂಷ್ಮಾಂಡ ಲೇಹ್ಯವನ್ನು ವೈದ್ಯರು ಕೊಡುವುದೂ ಉಂಟು. ಆದರೆ ಅದು ಬೇಯಿಸಿ, ತುಪ್ಪ ಮತ್ತು ಸಿಹಿ ಬೆರೆಸಿ ಮಾಡುವ ಪಾಕ, ಅದರ ಗುಣವನ್ನು ನನ್ನ ಹಸಿ ರಸಕ್ಕೆ ಅಂಟಿಸುವುದು ನ್ಯಾಯವಲ್ಲ. ಇಲಿಗಳ ಹೊಟ್ಟೆಹುಣ್ಣನ್ನು ಇದರ ಸಾರ ಕಡಿಮೆ ಮಾಡಿದ ಪ್ರಯೋಗಗಳಿವೆ, ಆದರೆ ನನ್ನ ಗಿರಾಕಿಗಳು ಇಲಿಗಳಲ್ಲ. ಕಿಡ್ನಿ ತೊಂದರೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ ಎಂದವರಿಗೆ ವೈದ್ಯರನ್ನು ಕೇಳಿಕೊಂಡು ಬನ್ನಿ ಎಂದು ಹೇಳಿ ಲೋಟ ಕೊಡದೆ ಕಳುಹಿಸಿದ್ದೇನೆ. ಹಾಗೆ ಕಳುಹಿಸಿದವರ ಮನೆಯಿಂದಲೇ ಬೇರೆ ಗಿರಾಕಿಗಳು ಬಂದದ್ದೂ ಇದೆ.

ಲೆಕ್ಕ ಹೀಗಿದೆ. 150 ಮಿಲಿಯ ಲೋಟಕ್ಕೆ 20 ರೂಪಾಯಿ. ಇಡೀ ಕಾಯಿಯ ಒಂದು ಕಿಲೋದಿಂದ ನನಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ರಸ ಸಿಗುತ್ತದೆ, ಅಂದರೆ ದಿನಕ್ಕೆ 25 ಕಿಲೋ ಕಾಯಿ ಬೇಕು. ಬಂಡಿಪಾಳ್ಯದ ಸಗಟು ಮಾರುಕಟ್ಟೆಯ ಯಾರ್ಡಿನಲ್ಲಿ ಸಾಮಾನ್ಯ ದಿನ ಕಿಲೋಗೆ 12ರಿಂದ 16 ರೂಪಾಯಿಗೆ ಸಿಗುತ್ತದೆ. ಜೊತೆಗೆ ನಿಲ್ಲುವ ಹುಡುಗನಿಗೆ 300, ಐಸು, ಲೋಟ ತೊಳೆಯುವ ನೀರು, ಗಾಡಿಯ ಬಾಡಿಗೆ ಎಲ್ಲ ಕಳೆದರೆ ಕೈಗೆ 800ರಿಂದ 900 ನಿಲ್ಲುತ್ತದೆ, ಅದೂ ಒಂಬತ್ತು ಗಂಟೆಯೊಳಗೆ. ಅಮಾವಾಸ್ಯೆಯ ಹಿಂದಿನ ಎರಡು ದಿನ ದೃಷ್ಟಿ ತೆಗೆಯಲು ಜನ ಕೊಳ್ಳುವುದರಿಂದ ದರ ಏರುತ್ತದೆ. ಓಣಂ ಹತ್ತಿರವಾದಾಗ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ಕಡೆಯ ಕಾಯಿ ಕೇರಳದ ದಾರಿ ಹಿಡಿಯುತ್ತದೆ. ಆಯುಧಪೂಜೆಗಂತೂ ಎರಡರಷ್ಟು, ಮೂರರಷ್ಟು ಆಗುತ್ತದೆ. ಬಲಿತು ಮೈಮೇಲೆ ಬೂದಿ ಚೆನ್ನಾಗಿ ಕೂತ ಕಾಯಿ ತೊಟ್ಟು ಮುರಿಯದಿದ್ದರೆ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ಆಗಸ್ಟಿನ ಮೊದಲೇ ಅರ್ಧ ಟನ್ನಿನಷ್ಟು ಕೊಂಡು ಅಟ್ಟದ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸುತ್ತೇನೆ. ಎಲ್ಲರಂತೆ ಮೊದಲೇ ತೊಳೆದಿಟ್ಟ ವರ್ಷ ಬೂದಿ ಹೋಗಿ ಕಾಲು ಭಾಗ ಕೊಳೆಯಿತು.

ಹಿಂಡಿ ಉಳಿದ ನಾರನ್ನು ಮೊದಲು ಹಸುವಿಗೆ ಹಾಕುತ್ತಿದ್ದೆ. ಈಗ ಬೀಜದ ಸುತ್ತಲಿನ ತಿರುಳನ್ನೂ ಸೇರಿಸಿ ಮನೆಯವಳು ಅರಳು ಸಂಡಿಗೆ ಇಡುತ್ತಾಳೆ. ರಸ ಹೋದ ನಾರಿನಲ್ಲಿ ಅರಳು ಹಿಡಿದುಕೊಳ್ಳದೆ ಮೊದಮೊದಲು ಎಣ್ಣೆಗೆ ಬಿಟ್ಟೊಡನೆ ಸಂಡಿಗೆ ಚದುರಿ ಹೋಗುತ್ತಿತ್ತು, ಅದಕ್ಕೆ ಏನು ಸೇರಿಸಿದರೆ ನಿಲ್ಲುತ್ತದೆ ಎಂಬುದು ಅವಳ ಗುಟ್ಟು, ನನಗೂ ಪೂರ್ತಿ ಹೇಳಿಲ್ಲ. ಕಿಲೋಗೆ 450 ರೂಪಾಯಿಯಂತೆ ಜ್ಯೂಸ್ ಕುಡಿಯಲು ಬರುವವರೇ ಕೊಂಡೊಯ್ಯುತ್ತಾರೆ. ಫೆಬ್ರವರಿಯಿಂದ ಮೇ ತನಕ ಇದರಿಂದ ತಿಂಗಳಿಗೆ ಹೆಚ್ಚುಕಡಿಮೆ 7,000 ರೂಪಾಯಿ ಬರುತ್ತದೆ, ಜೂನ್ ಬಂದು ಬಿಸಿಲು ಹೋದರೆ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತೇವೆ.